ಭಾಷಾ ಪ್ರಶ್ನೋತ್ತರ: ಜಿ-ಎಲ್ ಹೊಳಪು, ಎಸ್-ಎನ್ ಮೂಗು, ಡಬ್ಲ್ಯು-ಆರ್ ತಿರುಚು

ಪ್ರಶ್ನೆ: ಇಂಗ್ಲಿಷಿನ ಗ್ಲೋ, ಗ್ಲೀಮ್, ಗ್ಲಿಂಟ್, ಗ್ಲಿಟರ್... ನಿಘಂಟು ತೆರೆದರೆ ಎಲ್ಲಕ್ಕೂ ‘ಹೊಳೆ, ಪ್ರಕಾಶಿಸು’ ಎಂದೇ ಇದೆ. ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ಬೆಳಕು ಎಲ್ಲಿಂದ ಬರುತ್ತಿದೆ, ಎಷ್ಟು ಹೊತ್ತು ನಿಲ್ಲುತ್ತದೆ, ಎಂಥ ಮೈಮೇಲೆ ಬಿದ್ದಿದೆ ಎಂದು ಕೇಳಿಕೊಂಡರೆ ಗೊಂದಲ ಮುಕ್ಕಾಲು ಪಾಲು ತೀರುತ್ತದೆ. ಜ್ವಾಲೆಯಿಲ್ಲದೆ ವಸ್ತು ತಾನೇ ಒಂದೇ ಸಮನೆ ಬೆಳಗುತ್ತಿದ್ದರೆ ಗ್ಲೋ. ಬೂದಿ ಸರಿಸಿದಾಗ ಕಾಣುವ ಕೆಂಡದ್ದು ಈ ಬೆಳಕು. ಗ್ಲೀಮ್ ಹಾಗಲ್ಲ, ಉಜ್ಜಿ ನುಣುಪಾದ ಮೈ ಹೊರಗಿನ ಬೆಳಕನ್ನು ತಿರುಗಿ ಕೊಡುವುದು. ಪಾಲಿಶ್ ಮಾಡಿದ ಬೂಟಿಗೆ ಗ್ಲೋ ಹಾಕಿದರೆ ಬೂಟಿನೊಳಗೆ ಬಲ್ಬು ಇದೆ ಎಂದಂತಾಗುತ್ತದೆ. ಅಲ್ಲಿ ಗ್ಲೀಮ್ ಬೇಕು. ಚಾಕು ಹೊರಳಿದಾಗ ಅಲಗಿನ ಮೇಲೆ ಛಕ್ಕನೆ ಮಿಂಚಿ ಮಾಯವಾಗುವುದು ಗ್ಲಿಂಟ್. ಚಮಕಿ ಬಟ್ಟೆಯಂತೆ ನೂರಾರು ಚುಕ್ಕೆಗಳು ಬಿಟ್ಟುಬಿಟ್ಟು ಹೊಳೆದರೆ ಗ್ಲಿಟರ್.

ನೀವು ಕೇಳದ ಮೂರನ್ನೂ ಸೇರಿಸಿಕೊಳ್ಳಿ. ಒದ್ದೆ ಅಥವಾ ಜಿಡ್ಡಿನ ಮೈ ಹೊಳೆಯುವುದಕ್ಕೆ ಗ್ಲಿಸನ್, ನಡುವಿನ ‘ಟಿ’ ಉಚ್ಚರಿಸಬೇಡಿ. ಬೆವರಿಗೆ, ಇಬ್ಬನಿಗೆ, ಕಣ್ಣೀರು ತುಂಬಿದ ಕಣ್ಣಿಗೆ ಇದೇ ಸರಿ. ಅಲ್ಲಿ ಗ್ಲಿಟರ್ ಬರೆದರೆ ದುಃಖ ಹೋಗಿ ದುರಾಸೆಯೋ ಸಿಟ್ಟೋ ಇಣುಕಿಬಿಡುತ್ತದೆ. ಮಂಕಾಗಿ ಮಿಣಮಿಣ ಎನ್ನುವುದು ಗ್ಲಿಮರ್. ಆಶಾಕಿರಣ ಎನ್ನುವಾಗಿನ ‘ಗ್ಲಿಮರ್ ಆಫ್ ಹೋಪ್’ ಬಂದದ್ದು ಇಲ್ಲಿಂದ. ಕಣ್ಣು ಕುಕ್ಕುವುದು ಗ್ಲೇರ್. ಕಣ್ಣು ಕೆಂಪಗೆ ಮಾಡಿ ದುರುಗುಟ್ಟಿ ನೋಡುವುದಕ್ಕೂ ಇದೇ ಪದ.

ಪ್ರಶ್ನೆ: ಗ್ಲಾನ್ಸ್ ಮತ್ತು ಗ್ಲಿಂಪ್ಸ್ ಒಂದೇ ಅಲ್ಲವೇ?

ಉತ್ತರ: ಅಲ್ಲ. ಗ್ಲಾನ್ಸ್ ನೀವು ಹಾಯಿಸಿದ ನೋಟ, ಗ್ಲಿಂಪ್ಸ್ ನಿಮಗೆ ದಕ್ಕಿದ ನೋಟ. ಬೇಕೆಂದೇ ಗಡಿಯಾರದತ್ತ ಕಣ್ಣು ಹಾಯಿಸಿದರೆ ‘ಟುಕ್ ಎ ಗ್ಲಾನ್ಸ್ ಅಟ್’. ಓಡುವ ಬಸ್ಸಿನ ಕಿಟಕಿಯಲ್ಲಿ ಪರಿಚಿತ ಮುಖವೊಂದು ಕಂಡು ಮರೆಯಾದರೆ ‘ಕಾಟ್ ಎ ಗ್ಲಿಂಪ್ಸ್ ಆಫ್’. ಟುಕ್, ಕಾಟ್ ಅದಲುಬದಲಾಗುವುದೇ ಇಲ್ಲಿನ ಸಾಮಾನ್ಯ ತಪ್ಪು. ಅಟ್, ಆಫ್ ಸಮೇತ ಇಡಿಯಾಗಿ ಬಾಯಿಪಾಠ ಮಾಡಿಕೊಳ್ಳುವುದು ಮೇಲು.

ಪ್ರಶ್ನೆ: ಹಾಗಾದರೆ ಜಿ-ಎಲ್ ಎಂಬಂಥ ಮೊದಲೆರಡು ಅಕ್ಷರ ನೋಡಿ ಅರ್ಥ ಊಹಿಸಬಹುದೇ?

ಉತ್ತರ: ಊಹಿಸಬಹುದು, ಪಣ ಕಟ್ಟಬಾರದು. ಹಲವು ಪದಗಳಲ್ಲಿ ಒಂದೇ ಬಗೆಯ ಅರ್ಥ ಸೂಚಿಸುವ ಇಂಥ ಧ್ವನಿಜೋಡಿಗೆ ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1930ರಲ್ಲಿ ಫೋನೆಸ್ತೀಮ್ ಎಂದು ಹೆಸರಿಟ್ಟರು. ಪ್ರತ್ಯಯಕ್ಕಾದರೆ ಗಟ್ಟಿ ಅರ್ಥವಿರುತ್ತದೆ, ಇದಕ್ಕೆ ಬರೀ ಒಲವು. ಕನ್ನಡದಲ್ಲೇ ನೋಡಿ: ಮಿಂಚು, ಮಿನುಗು, ಮಿರುಗು, ಮಿಣುಕು ಎಲ್ಲವೂ ಬೆಳಕಿನವು. ಹಾಗೆಂದು ಮಿಡತೆ, ಮಿದುಳು ಹೊಳೆಯುತ್ತವೆಯೇ? ಇಂಗ್ಲಿಷಿನಲ್ಲೂ ಅಷ್ಟೇ. ಕೈಗವಸಿನ ಗ್ಲವ್‌ಗೂ ಅಂಟಿನ ಗ್ಲೂಗೂ ಬೆಳಕಿನ ಸಂಬಂಧವಿಲ್ಲ. ಗ್ರಂಥಿ ಎನ್ನುವ ಗ್ಲ್ಯಾಂಡ್, ಓಕ್ ಮರದ ಕಾಯಿಗೆ ಇರುವ ಲ್ಯಾಟಿನ್ ಪದದಿಂದ ಬಂದದ್ದು. ಆದರೆ ಸಂತೋಷದ ಗ್ಲ್ಯಾಡ್ ಮಾತ್ರ ಈ ಬಳಗದ್ದೇ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಹೊಳೆಯುವ’ ಎಂಬ ಅರ್ಥವಿತ್ತು.

ಪ್ರಶ್ನೆ: ಎಸ್-ಎನ್ ಪದಗಳು ಮೂಗಿನವು ಎನ್ನುತ್ತಾರೆ. ನಿಜವೇ?

ಉತ್ತರ: ಬಹಳಷ್ಟು ನಿಜ. ಮೂಸುವುದು ಸ್ನಿಫ್, ಗೊರಕೆ ಸ್ನೋರ್, ಹಂದಿಯ ಮೂತಿ ಸ್ನೌಟ್, ನಶ್ಯ ಸ್ನಫ್. ಕುದುರೆ ಮೂಗಿನಿಂದ ಜೋರಾಗಿ ಉಸಿರು ಬಿಡುವುದು ಸ್ನಾರ್ಟ್. ಮನುಷ್ಯ ತಾತ್ಸಾರದಿಂದ ಹಾಗೆ ಮಾಡಿದರೂ ಅದೇ. ಸಿಂಬಳಕ್ಕೆ ಸ್ನಾಟ್ ಎನ್ನುತ್ತಾರೆ, ಆದರೆ ಅದು ಒರಟು ಮಾತು. ವೈದ್ಯರ ಹತ್ತಿರ ‘ರನ್ನಿ ನೋಸ್’ ಅಂದರೆ ಸಾಕು.

ಸೀನುವ ಸ್ನೀಜ್ ಕಥೆ ಸ್ವಾರಸ್ಯವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದರ ಆರಂಭ ಎಫ್-ಎನ್ ಆಗಿತ್ತು. ಆ ಜೋಡಿಯೇ ಭಾಷೆಯಿಂದ ಮರೆಯಾದಾಗ ಪದ ಎಸ್-ಎನ್ ಗುಂಪಿಗೆ ಬಂದು ಸೇರಿತು. ಹಾವು ಸ್ನೇಕ್, ಬಸವನಹುಳು ಸ್ನೇಲ್ ಈ ಗುಂಪಿನವಲ್ಲ. ಅವೆರಡರ ಮೂಲ ತೆವಳುವುದು.

ಪ್ರಶ್ನೆ: ಡಬ್ಲ್ಯು-ಆರ್‌ನಲ್ಲಿ ಡಬ್ಲ್ಯು ಉಚ್ಚರಿಸುವುದೇ ಇಲ್ಲ. ಮತ್ತೇಕೆ ಬರೆಯಬೇಕು?

ಉತ್ತರ: ಹಿಂದೆ ಉಚ್ಚರಿಸುತ್ತಿದ್ದರು, ಡಚ್ ಭಾಷೆಯಲ್ಲಿ ಈಗಲೂ ಉಚ್ಚರಿಸುತ್ತಾರೆ. ಇಂಗ್ಲಿಷಿನಲ್ಲಿ ನಾಲಿಗೆ ಬಿಟ್ಟುಕೊಟ್ಟಿತು, ಕಾಗುಣಿತ ಬಿಡಲಿಲ್ಲ. ಒಳ್ಳೆಯದೇ ಆಯಿತು, ಏಕೆಂದರೆ ಈ ಜೋಡಿ ಕಂಡಲ್ಲಿ ‘ತಿರುಚು’ ಎಂದುಕೊಂಡರೆ ಹಲವು ಪದಗಳು ತಾವಾಗಿ ನೆನಪಿನಲ್ಲಿ ಉಳಿಯುತ್ತವೆ. ಒದ್ದೆ ಬಟ್ಟೆ ಹಿಂಡುವುದು ರಿಂಗ್. ತಿರುಗುವ ಮಣಿಕಟ್ಟು ರಿಸ್ಟ್. ನೋವಿಗೆ ಹೊರಳಾಡುವುದು ರೈದ್. ಹುಳು ಕೊಸರಾಡುವುದು ರಿಗಲ್. ಹೆಣೆದ ಹೂಚಕ್ರ ರೀತ್. ಸುಕ್ಕು ರಿಂಕಲ್. ಕೈಯಿಂದ ಬಲವಂತವಾಗಿ ಕಿತ್ತುಕೊಳ್ಳುವುದು ರೆಸ್ಟ್. ವಿಶ್ರಾಂತಿಯ ರೆಸ್ಟ್‌ಗೆ ಡಬ್ಲ್ಯು ಇಲ್ಲ. ‘ರೈ ಸ್ಮೈಲ್’ ಎಂದರೆ ತುಟಿ ಒಂದು ಕಡೆಗೆ ಸೊಟ್ಟಗಾದ ನಗೆ, ಖುಷಿಗಿಂತ ವ್ಯಂಗ್ಯ ಹೆಚ್ಚು. ತಪ್ಪು ಎನ್ನುವ ರಾಂಗ್ ಕೂಡ ಮೊದಲು ‘ಸೊಟ್ಟ’ ಎಂದೇ ಇದ್ದದ್ದು.

ಬರೆಯುವಾಗ ಎಡವುವುದು ಭೂತಕಾಲದಲ್ಲಿ. ಗಂಟೆ ಬಾರಿಸುವ ರಿಂಗ್‌ಗೆ ರ‍್ಯಾಂಗ್, ರಂಗ್ ಎಂಬ ಎರಡು ರೂಪಗಳಿವೆ. ಹಿಂಡುವ ರಿಂಗ್‌ಗೆ ಎರಡೂ ಕಡೆ ರಂಗ್ ಒಂದೇ, ಅದೂ ಡಬ್ಲ್ಯು ಸಮೇತ. ಇನ್ನು ಬರೆಯುವ ರೈಟ್‌ನಲ್ಲಿ ತಿರುಚುವ ಅರ್ಥ ಹುಡುಕಬೇಡಿ. ಅದರ ಮೂಲಾರ್ಥ ಗೀರುವುದು, ಕೆತ್ತುವುದು.

ಪ್ರಶ್ನೆ: ಎಫ್-ಎಲ್‌ಗೂ ಇಂಥ ಅರ್ಥವಿದೆಯೇ?

ಉತ್ತರ: ಇದೆ, ಚುರುಕು ಚಲನೆ. ರೆಕ್ಕೆ ಬಡಿಯುವುದು ಫ್ಲ್ಯಾಪ್, ಅತ್ತಿಂದಿತ್ತ ಹಗುರಾಗಿ ಹಾರುವುದು ಫ್ಲಿಟ್, ದೀಪ ತುಯ್ದಾಡುವುದು ಫ್ಲಿಕರ್. ನೆಲದ ಫ್ಲೋರ್, ಹಿಟ್ಟಿನ ಫ್ಲೌರ್ ಎರಡನ್ನೂ ಹೊರಗಿಡಿ.