ದಾವಣಗೆರೆಯ ಆಡಿಟರ್ ಕಚೇರಿಯಿಂದ ಟೊರಾಂಟೊಗೆ ಹೊರಟಿದ್ದೇನೆ. ಮೊದಲ ಕೆಲಸ ಸಿಗುವುದು ಹೇಗೆ?

ಬಿ.ಕಾಂ. ಮುಗಿಸಿ ಏಳು ವರ್ಷ ಆಡಿಟರ್ ಕಚೇರಿಯಲ್ಲಿ ಟ್ಯಾಲಿ, ಜಿಎಸ್‌ಟಿ ಕೆಲಸ ಮಾಡಿದ್ದೀರಿ, ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆಯಲ್ಲಿ ಕೆನಡಾದ ಪಿಆರ್, ಅಂದರೆ ಕಾಯಂ ವಾಸದ ಅನುಮತಿ ದೊರೆತಿದೆ, ಆದರೆ ಇಲ್ಲಿಂದ ಹಾಕಿದ ಇನ್ನೂರು ಅರ್ಜಿಗಳಲ್ಲಿ ಒಂದಕ್ಕೂ ಉತ್ತರ ಬಂದಿಲ್ಲ ಎಂದು ಬರೆದಿದ್ದೀರಿ. ನಾನೂ ದಾವಣಗೆರೆಯವನು, ಇದೇ ಬಗೆಯ ಕೆಲಸ ಬಿಟ್ಟು 2016ರ ಅಕ್ಟೋಬರ್‌ನಲ್ಲಿ ಟೊರಾಂಟೊಗೆ ಹೋಗಿ, ಏಳು ವರ್ಷ ಅಲ್ಲಿದ್ದು, ತಾಯಿಯ ಆರೋಗ್ಯದ ಕಾರಣಕ್ಕೆ ಊರಿಗೆ ಮರಳಿದವನು. ಇನ್ನೂರರ ಜೊತೆಗೆ ಇನ್ನೂ ಇನ್ನೂರು ಅರ್ಜಿ ಹಾಕುವ ಶ್ರಮವನ್ನು ದಯವಿಟ್ಟು ಉಳಿಸಿಕೊಳ್ಳಿ.

ನಮ್ಮ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯವರು ಹೊಸ ಗುಮಾಸ್ತನನ್ನು ಸೇರಿಸಿಕೊಳ್ಳುವಾಗ ಅಂಕಪಟ್ಟಿ ನೋಡುವುದಿಲ್ಲ, "ಯಾರ ಕಡೆಯವನಪ್ಪಾ, ಮೊದಲು ಎಲ್ಲಿದ್ದೆ?" ಎಂದು ಕೇಳಿ, ಹಳೆಯ ಮಾಲೀಕರಿಗೆ ಒಂದು ಫೋನ್ ಮಾಡುತ್ತಾರೆ. ಟೊರಾಂಟೊದಲ್ಲಿ ನಡೆಯುವುದೂ ಇದೇ, ಅಲ್ಲಿ ಅದಕ್ಕೆ ರೆಫರೆನ್ಸ್ ಎನ್ನುತ್ತಾರೆ, ಅಷ್ಟೆ. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡು, ಫೋನ್ ಬಂದಾಗ ನಿಮ್ಮ ಪರವಾಗಿ ಎರಡು ಮಾತು ಹೇಳುವ ಇಬ್ಬರನ್ನು ಆ ಊರಿನಲ್ಲಿ ಸಂಪಾದಿಸುವುದೇ ನಿಮ್ಮ ಮೊದಲ ಆರು ತಿಂಗಳ ಗುರಿಯಾಗಿರಲಿ.

ಇಳಿದ ವಾರವೇ ಸರ್ವಿಸ್ ಕೆನಡಾ ಎಂಬ ಸರ್ಕಾರಿ ಸೇವಾ ಕಚೇರಿಗೆ ಹೋಗಿ, ಒಂಬತ್ತು ಅಂಕಿಯ ಸಿನ್ (ಸೋಶಿಯಲ್ ಇನ್ಶೂರೆನ್ಸ್ ನಂಬರ್) ಪಡೆಯಿರಿ. ಅದಕ್ಕೆ ಶುಲ್ಕವಿಲ್ಲ, ಅದಿಲ್ಲದೆ ಸಂಬಳವೂ ಇಲ್ಲ. ಬಳಿಕ ಹೊಸಬರಿಗೆ ಉಚಿತವಾಗಿ ನೆರವಾಗುವ ಸಂಸ್ಥೆಗಳಲ್ಲಿ ಒಂದಕ್ಕೆ ಹೆಸರು ಕೊಡಿ. ಆಕ್ಸೆಸ್ ಎಂಪ್ಲಾಯ್‌ಮೆಂಟ್, ಕಾಸ್ಟಿ ಮುಂತಾದವು ಟೊರಾಂಟೊದಲ್ಲಿವೆ. ನಾನು ಹೋದ ಕಡೆ ಸಲಹೆಗಾರ್ತಿಯೊಬ್ಬರು ನನ್ನ ನಾಲ್ಕು ಪುಟದ ರೆಸ್ಯೂಮೆಯನ್ನು ಮುಂದಿಟ್ಟುಕೊಂಡು ಪೆನ್ಸಿಲಿನಿಂದ ಒಂದೊಂದಾಗಿ ಹೊಡೆದುಹಾಕಿದರು: ಫೋಟೊ, ತಂದೆಯ ಹೆಸರು, ಜನ್ಮದಿನಾಂಕ, ವಿವಾಹಿತ ಎಂಬ ಮಾಹಿತಿ, ಪಾಸ್‌ಪೋರ್ಟ್ ಸಂಖ್ಯೆ. ಕೊನೆಯಲ್ಲಿ "ಮೇಲ್ಕಂಡ ವಿವರಗಳೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ" ಎಂಬ ಸಾಲು ಮತ್ತು ಅದರ ಕೆಳಗಿನ ನನ್ನ ಸಹಿಯನ್ನು ಕಂಡು, ಇದೇನು ನ್ಯಾಯಾಲಯಕ್ಕೆ ಕೊಡುವ ಪತ್ರವೇ ಎಂದು ಕೇಳಿದರು. ಉಳಿದದ್ದು ಒಂದೂವರೆ ಪುಟ. "ಜಿಎಸ್‌ಟಿ ಬಲ್ಲೆ" ಎಂದಷ್ಟೇ ಇದ್ದ ಕಡೆ, ಎಷ್ಟು ಅಂಗಡಿಗಳ ಲೆಕ್ಕ, ತಿಂಗಳಿಗೆ ಎಷ್ಟು ರಿಟರ್ನ್ ಎಂದು ಅಂಕಿಸಹಿತ ಬರೆಸಿದರು. ನಿಮಗೆ ಅನುಕೂಲವಾಗುವ ಸಂಗತಿಯೊಂದಿದೆ: ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಮಾರಾಟ ತೆರಿಗೆಯಾದ ಶೇ. 13ರ ಎಚ್‌ಎಸ್‌ಟಿಯಲ್ಲಿಯೂ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಅವಕಾಶ ಇದೆ, ಆದ್ದರಿಂದ ತತ್ವ ನಿಮಗೆ ಹೊಸದಲ್ಲ; ಟ್ಯಾಲಿಯ ಬದಲು ಕ್ವಿಕ್‌ಬುಕ್ಸ್ ಎಂಬ ಲೆಕ್ಕದ ಸಾಫ್ಟ್‌ವೇರ್ ಕಲಿಯಬೇಕು. ನಮ್ಮ ಸಿಎಯಂತೆ ಅಲ್ಲಿ ಸಿಪಿಎ ಎನ್ನಿಸಿಕೊಳ್ಳಲು ಪರೀಕ್ಷೆ, ಪರವಾನಗಿ ಬೇಕು. ಲೆಕ್ಕ ಬರೆಯುವ ಬುಕ್‌ಕೀಪರ್ ಕೆಲಸಕ್ಕೆ ಬೇಡ.

ಬಾಡಿಗೆ ಮಾತ್ರ ಇದಾವುದಕ್ಕೂ ಕಾಯುವುದಿಲ್ಲ. ನಾನು ಆ ಚಳಿಗಾಲವನ್ನು ಟೊರಾಂಟೊ ಪಕ್ಕದ ಮಿಸಿಸಾಗಾದ ಗೋದಾಮೊಂದರಲ್ಲಿ, ಉಕ್ಕಿನ ಮೊನೆಯ ಬೂಟು ತೊಟ್ಟು, ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಜೋಡಿಸುತ್ತ ಕಳೆದೆ. ಆಗ ಕನಿಷ್ಠ ವೇತನ ಗಂಟೆಗೆ 11.40 ಡಾಲರ್ ಇತ್ತು. 2025ರ ಅಕ್ಟೋಬರ್‌ನಿಂದ 17.60 ಆಗಿದೆ. ಅದರಲ್ಲಿ ಅವಮಾನವೇನೂ ಇಲ್ಲ, ಆದರೆ ಹಗಲು ನಿಮ್ಮ ಕೈಯಲ್ಲಿ ಉಳಿಯುವ ಪಾಳಿಯನ್ನೇ ಕೇಳಿ ಪಡೆಯಿರಿ. ಅಂಥ ಕೆಲಸ ಕೊಡಿಸುವುದಾಗಿ ಒಬ್ಬ ಮಧ್ಯವರ್ತಿ ನನ್ನಿಂದ ಮುನ್ನೂರು ಡಾಲರ್ ಕಿತ್ತುಕೊಂಡಿದ್ದ. ತಾತ್ಕಾಲಿಕ ಕೆಲಸದ ಏಜೆನ್ಸಿಗಳು ಕೆಲಸಗಾರನಿಂದ ಶುಲ್ಕ ಪಡೆಯುವುದನ್ನು ಅಲ್ಲಿನ ಕಾನೂನು ನಿಷೇಧಿಸಿದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ನನ್ನ ಬಾಗಿಲು ತೆರೆದದ್ದು ಸಂಬಳವಿಲ್ಲದ ಕೆಲಸದಿಂದ. ಕಡಿಮೆ ಆದಾಯದವರ ತೆರಿಗೆ ರಿಟರ್ನನ್ನು ಉಚಿತವಾಗಿ ತುಂಬಿಕೊಡುವ ಶಿಬಿರಗಳು ಮುಖ್ಯವಾಗಿ ಮಾರ್ಚ್, ಏಪ್ರಿಲ್‌ನಲ್ಲಿ ನಡೆಯುತ್ತವೆ, ಏಕೆಂದರೆ ಹೆಚ್ಚಿನವರಿಗೆ ಏಪ್ರಿಲ್ 30 ಕೊನೆಯ ದಿನ. ಅಲ್ಲಿನ ಕಂದಾಯ ಇಲಾಖೆಯೇ ನಡೆಸುವ ಯೋಜನೆ ಇದು; ಸ್ವಯಂಸೇವಕರು ನೋಂದಾಯಿಸಿಕೊಂಡು, ಪೊಲೀಸ್ ತಪಾಸಣೆಯ ಪತ್ರ ಒದಗಿಸಬೇಕು. 2017ರ ಮಾರ್ಚ್‌ನಲ್ಲಿ ನಾನು ಸ್ವಯಂಸೇವಕನಾಗಿದ್ದ, ಟೊರಾಂಟೊದ ಸ್ಕಾರ್ಬರೊ ಭಾಗದ ಶಿಬಿರಕ್ಕೆ ವೃದ್ಧೆಯೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ತಂದಿದ್ದರು. ರಿಟರ್ನ್ ಬಹುತೇಕ ಮುಗಿದಿತ್ತು. ವರ್ಷವಿಡೀ ಎಷ್ಟು ಬಾಡಿಗೆ ಕಟ್ಟಿದ್ದೀರಿ ಎಂದು ನಾನು ಕೇಳಿದೆ; ಒಂಟಾರಿಯೊ ಟ್ರಿಲಿಯಂ ಬೆನಿಫಿಟ್ ಎಂಬ ಸಹಾಯಧನದ ಲೆಕ್ಕಕ್ಕೆ ಆ ಮೊತ್ತ ಬೇಕಾಗುತ್ತದೆ, ಹಾಗೂ ಅವರು ಅದನ್ನು ಅದುವರೆಗೆ ಯಾರಿಗೂ ಹೇಳಿಯೇ ಇರಲಿಲ್ಲ. ಶಿಬಿರದ ಮೇಲ್ವಿಚಾರಕಿ ಪಕ್ಕದ ಮೇಜಿನಿಂದ ಇದನ್ನು ನೋಡುತ್ತಿದ್ದರು. ಮೇ ತಿಂಗಳಲ್ಲಿ ತಮ್ಮ ಪರಿಚಯದ ಬೇಕರಿಯವರಿಗೆ ವಾರಕ್ಕೆ ಮೂರು ದಿನ ಲೆಕ್ಕ ಬರೆಯುವವರು ಬೇಕೆಂದು ಕರೆ ಮಾಡಿದವರು ಅವರೇ. ಸಂದರ್ಶನ ಹತ್ತು ನಿಮಿಷವೂ ನಡೆಯಲಿಲ್ಲ.

ಕೆನಡಾದ ಅನುಭವ ಇಲ್ಲವೆಂಬ ಭಯವನ್ನು ನೀವು ಎರಡು ಬಾರಿ ಬರೆದಿದ್ದೀರಿ. 25 ಅಥವಾ ಹೆಚ್ಚು ಕೆಲಸಗಾರರಿರುವ ಒಂಟಾರಿಯೊದ ಸಂಸ್ಥೆಗಳು ಸಾರ್ವಜನಿಕ ಜಾಹೀರಾತಿನಲ್ಲಿ ಅದನ್ನು ಕೇಳುವಂತಿಲ್ಲವೆಂಬ ನಿಯಮ 2026ರ ಜನವರಿ 1ರಿಂದ ಜಾರಿಯಲ್ಲಿದೆ. ಜಾಹೀರಾತಿನಿಂದ ಹೋದದ್ದು ಮನಸ್ಸಿನಿಂದಲೂ ಹೋಗುತ್ತದೆಂದು ನಾನು ನಂಬುವುದಿಲ್ಲ. ಆದ್ದರಿಂದಲೇ ರೆಫರೆನ್ಸ್‌ಗೆ ಇಷ್ಟು ಒತ್ತು ಕೊಟ್ಟೆ.

ಹೊರಡುವ ಮುನ್ನ ನಿಮ್ಮ ಆಡಿಟರ್ ಅವರಿಂದ ಲೆಟರ್‌ಹೆಡ್‌ನಲ್ಲಿ ಕೆಲಸದ ವಿವರವಿರುವ ಪತ್ರ ಬರೆಸಿಕೊಳ್ಳಿ. ಚಳಿಗಾಲದಲ್ಲಿ ಟೊರಾಂಟೊ ನಮಗಿಂತ ಹತ್ತೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಯಾರಾದರೂ ವಿಚಾರಿಸಿದರೆ ಇಲ್ಲಿ ರಾತ್ರಿ ಎಂಟೂವರೆ. ಆ ಹೊತ್ತಿನಲ್ಲಿ +1 ಎಂದು ಆರಂಭವಾಗುವ ಅಪರಿಚಿತ ಸಂಖ್ಯೆಯಿಂದ ಕರೆ ಬಂದರೆ ಮೋಸದ ಕರೆಯೆಂದು ಕತ್ತರಿಸದೆ ಎತ್ತಬೇಕೆಂದು ಅವರಿಗೆ ಈಗಲೇ ತಿಳಿಸಿಡಿ. ನನ್ನ ಹಳೆಯ ಯಜಮಾನರು ಎರಡು ಬಾರಿ ಕತ್ತರಿಸಿ, ಮೂರನೆಯ ಬಾರಿ ಎತ್ತಿದ್ದರು.