ಅಜ್ಜನ ಕಾಲದ ಎರಡು ಸೈಕಲ್‌ಗಳಿಗೆ ಮನೆಯಲ್ಲೇ ಹೊಸ ಬಣ್ಣ ಹಚ್ಚಬಹುದೇ? (ಧಾರವಾಡ)

ಖಂಡಿತ ಹಚ್ಚಬಹುದು. ಆದರೆ ಧಾರವಾಡದ ಮಳೆಗಾಲದಲ್ಲಿ ಬೇಡ, ಗಾಳಿಯ ತೇವಕ್ಕೆ ಬಣ್ಣ ಮಂಕಾಗುತ್ತದೆ. ದಸರಾ ಮುಗಿಯಲಿ.

ಬಿಚ್ಚುವ ಮೊದಲು ಫೋಟೊ ತೆಗೆದಿಡಿ. ಬಂಗಾರದ ಬಣ್ಣದ ಗೆರೆ ಎಲ್ಲಿತ್ತು ಅಂತ ಆಮೇಲೆ ನೆನಪಿರಲ್ಲ. ಎಡ ಪೆಡಲ್‌ನ ತಿರುಪು ಉಲ್ಟಾ, ಸುಮ್ನೆ ಜೋರು ಮಾಡಬೇಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅದಕ್ಕೇ ಮಾಸ್ಕ್ ಹಾಕಿ, ನೀರು ಹಚ್ಚಿ ಎಮರಿ ಪೇಪರ್‌ನಿಂದ ಉಜ್ಜಿ: ಮೊದಲು 120 ನಂಬರ್, ಆಮೇಲೆ 320. ಒರೆಸಿ ಒಣಗಿಸಿದ ಕೂಡಲೇ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಲೇಪ) ಹೊಡೆಯಿರಿ, ತಡವಾದರೆ ಮತ್ತೆ ತುಕ್ಕು. ಬಣ್ಣ ತೆಳುವಾಗಿ ಮೂರು ಸಲ ಸಾಕು.

ಗೆರೆಗೆ ಸ್ಟಿಕರ್ ಮಾತ್ರ ಬೇಡ. ಹುಬ್ಬಳ್ಳಿಯಲ್ಲಿ ಲಾರಿ ಮೇಲೆ ಬರೆಯುವ ಪೇಂಟರ್ ಕೈಯಲ್ಲೇ ಎಳೆಸಿ, ಅದರ ಚೆಂದವೇ ಬೇರೆ. ಒಂದು ಸೈಕಲ್‌ಗೆ ಮೂಲ ಬಣ್ಣವೇ ಇರಲಿ. ಇನ್ನೊಂದು ನಿಮ್ಮಿಷ್ಟ.