ಜಿ6 ಮತ್ತು ಇ ಮೈನರ್7: ಸ್ವರ ಅವೇ, ಹೆಸರು ಎರಡೇಕೆ?

ಗಿಟಾರಿನ ಜಿ6, ಇ ಮೈನರ್7 ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಎರಡರಲ್ಲೂ ಅವೇ ನಾಲ್ಕು ಸ್ವರಗಳಿರುವಾಗ ಹೆಸರು ಎರಡೇಕೆ ಎಂದು ಕೇಳಿದ್ದೀರಿ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೇ ಓದಿ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳೇ ಫ್ರೆಟ್), ಅದರ ಪಕ್ಕದ್ದನ್ನು ಎರಡನೇ ಫ್ರೆಟ್‌ನಲ್ಲಿ ಒತ್ತಿ, ಉಳಿದ ನಾಲ್ಕನ್ನು ಹಾಗೆಯೇ ಬಿಟ್ಟು ಆರೂ ತಂತಿ ಮೀಟಿ. ಇದು ಜಿ6. ಈಗ ದಪ್ಪ ತಂತಿಯ ಮೇಲಿನ ಬೆರಳನ್ನಷ್ಟೇ ಎತ್ತಿ ಮತ್ತೆ ಮೀಟಿ. ಅದೇ ಇ ಮೈನರ್7! ಬದಲಾದದ್ದು ತಳದ ಸ್ವರವೊಂದೇ, ಆದರೆ ಭಾವವೇ ಬೇರೆಯಾಯಿತು. ತಳದಲ್ಲಿ ಯಾವ ಸ್ವರ ಷಡ್ಜದಂತೆ, ಅಂದರೆ ಆಧಾರ ಸ್ವರ ‘ಸ’ದಂತೆ, ನಿಲ್ಲುತ್ತದೋ ಹೆಸರು ಅದರದ್ದು. ಜೊತೆಗೆ ಬೇಸ್ (ತಳದ ಸ್ವರಗಳ ಗಿಟಾರ್) ನುಡಿಸುವವರಿದ್ದರೆ ಆ ತೀರ್ಮಾನ ಅವರ ಕೈಯಲ್ಲಿರುತ್ತದೆ.

ಶಿವಮೊಗ್ಗದಲ್ಲಿ ಕರ್ನಾಟಕ ಸಂಗೀತ ಕಲಿತಿದ್ದೇನೆ ಎಂದಿದ್ದೀರಲ್ಲ, ಹಾಗಾದರೆ ಇನ್ನೂ ಸುಲಭ. ಜಿಯನ್ನು ಷಡ್ಜವೆಂದುಕೊಳ್ಳಿ: ಸ, ಅಂತರ ಗಾಂಧಾರ (ಮೇಲಿನ ಗ), ಪ, ಚತುಶ್ರುತಿ ಧೈವತ (ಮೇಲಿನ ದ). ಮೋಹನ ರಾಗದಿಂದ ರಿಷಭವನ್ನು ತೆಗೆದರೆ ಉಳಿಯುವುದು ಇದೇ. ಶ್ರುತಿಪೆಟ್ಟಿಗೆ ಹಾಕಿಕೊಂಡು ಈ ನಾಲ್ಕನ್ನೂ ನಿಧಾನವಾಗಿ ಹಾಡಿ. ಪಂಚಮ, ಧೈವತ ಅಕ್ಕಪಕ್ಕ ನಿಂತು ಒಂದಕ್ಕೊಂದು ತಾಗುವ ಆ ನವಿರಾದ ಎಳೆತವೇ ಈ ಕಾರ್ಡ್‌ನ ಜೀವ. ನನಗಂತೂ ಧೈವತವಿಲ್ಲದ ಬರೀ ಜಿ ಮೇಜರ್‌ಗಿಂತ ಇದೇ ಹೆಚ್ಚು ಇಷ್ಟ.

ಜಿ ಮೈನರ್6 ನುಡಿಸುವಾಗ ಮಾತ್ರ ಎಚ್ಚರ: ಗಾಂಧಾರ ಒಂದು ಮೆಟ್ಟಿಲು ಇಳಿದು ಸಾಧಾರಣ ಗಾಂಧಾರವಾಗುತ್ತದೆ, ಧೈವತ ಚತುಶ್ರುತಿಯಾಗಿಯೇ ಉಳಿಯುತ್ತದೆ. ಅದನ್ನೂ ಇಳಿಸಿಬಿಡಬೇಡಿ.

ಇನ್ನೊಂದು ಮಾತು. ನಮ್ಮ ತೀರ್ಥಹಳ್ಳಿ ಕಡೆಯ ಮಳೆಗಾಲದ ತೇವಕ್ಕೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಜಿ6ರಲ್ಲಿ ನಾಲ್ಕು ತಂತಿಗಳು ಬಿಡಿಯಾಗಿಯೇ ನುಡಿಯುವುದರಿಂದ ಶ್ರುತಿ ತಪ್ಪಿದ್ದರೆ ತಕ್ಷಣ ಕೇಳಿಸುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿಡಿ.